ಕಂಬಳದ ಕೋಣಕ್ಕೆ ವಂಶಾವಳಿ: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ತಳಿ ಸಂಘವೊಂದರ ಅಗತ್ಯ

ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ಕೇಂದ್ರ ಆರಂಭವಾದದ್ದು 1986ರಲ್ಲಿ. ಈಗ ನಿರ್ದೇಶನಾಲಯವಾಗಿರುವ ಆ ಸಂಸ್ಥೆಯ ತಳಿ ತೋಟದಲ್ಲಿ ದೇಶದ ಬೇರೆಬೇರೆ ಭಾಗದ ಗೇರು ಬಗೆಗಳಿವೆ. ಒಂದೊಂದಕ್ಕೂ ಸಂಖ್ಯೆ ಉಂಟು, ಮೂಲದ ದಾಖಲೆ ಉಂಟು. ಕಡಬ ತಾಲೂಕಿನ ಕಿದುವಿನಲ್ಲಿರುವ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರವು ದಕ್ಷಿಣ ಏಷ್ಯಾಕ್ಕೆ ಮೀಸಲಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವನ್ನು ಸಾಕುತ್ತಿದೆ. ಗಿಡಮರಗಳ ಕುಲಗೋತ್ರವನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ಇದೇ ಸೀಮೆಯಲ್ಲಿ ಕಂಬಳದ ಕೋಣಕ್ಕೆ ವಂಶದ ಪುಸ್ತಕವಿಲ್ಲ. ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಮಲೆನಾಡು ಗಿಡ್ಡ 2012ರಲ್ಲಿ ಸೇರಿತು, ಧಾರವಾಡಿ ಎಮ್ಮೆಯೂ ಆಮೇಲೆ ಸೇರಿತು. ದಕ್ಷಿಣ ಕನ್ನಡದ ಎಮ್ಮೆಗೆ ಅಲ್ಲಿ ಸ್ಥಾನ ಸಿಕ್ಕಿಲ್ಲ. ಈ ಕೊರತೆಯನ್ನು ಸರಕಾರವಾಗಲಿ ವಿಶ್ವವಿದ್ಯಾಲಯವಾಗಲಿ ಒಂಟಿಯಾಗಿ ತುಂಬಲಾರದು. ಕೋಣ ಸಾಕುವವರ ಸಂಘವೇ ತುಂಬಬೇಕು ಎಂಬುದು ಈ ಲೇಖನದ ವಾದ.

ಸಂಘಟನೆ ಎಂಬುದು ಇಲ್ಲಿ ಹೊಸತಲ್ಲ. ಪುತ್ತೂರಿನ ಮಹಾಲಿಂಗೇಶ್ವರ ದೇವಳದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ ಜೋಡುಕರೆ ಕಂಬಳ ನಡೆಯುತ್ತವೆ. ಪಾಡ್ದನದ ಅವಳಿ ವೀರರಾದ ಕೋಟಿ ಚೆನ್ನಯರ ಪಡುಮಲೆ ಪುತ್ತೂರು ತಾಲೂಕಿನದು, ಅವರ ಕೊನೆಯ ಕಾಳಗದ ಎಣ್ಮೂರು ಸುಳ್ಯ ಕಡೆಯದು; ಹೀಗಾಗಿ ಆ ಹೆಸರು ಈ ಸೀಮೆಯವರಿಗೆ ಮನೆಯ ಹೆಸರಿದ್ದಂತೆ. ಜಿಲ್ಲಾ ಕಂಬಳ ಸಮಿತಿ ದಿನ ನಿಗದಿ ಮಾಡುತ್ತದೆ, ನಿಯಮ ಹೇಳುತ್ತದೆ, ತೀರ್ಪುಗಾರರನ್ನು ಕಳಿಸುತ್ತದೆ. ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂಬ ವಿಭಾಗಗಳಿವೆ. ಹಗ್ಗ ಮತ್ತು ನೇಗಿಲಿನಲ್ಲಿ ಹಲ್ಲು ನೋಡಿ ಹಿರಿಯ, ಕಿರಿಯ ಎಂದು ಬೇರ್ಪಡಿಸುತ್ತಾರೆ. ಕನೆಹಲಗೆಯಲ್ಲಿ ನೀರು ಆರೂವರೆ ಕೋಲು, ಏಳೂವರೆ ಕೋಲಿನ ನಿಶಾನೆಗೆ ಹಾಯಿತೇ ಎಂಬುದೇ ಮುಖ್ಯ. ಫಲಿತಾಂಶದ ಪಟ್ಟಿಯಲ್ಲಿ ಊರು, ಮನೆತನ, ಯಜಮಾನರ ಹೆಸರು, ಓಡಿಸಿದವರ ಹೆಸರು ಬರುತ್ತವೆ. ಕೋಣಕ್ಕೂ ಹೆಸರುಂಟು, ಚೆನ್ನ, ಕುಟ್ಟಿ, ತಾಟೆ, ಬೊಳ್ಳ ಎಂದು ಅಭಿಮಾನಿಗಳು ಕರೆ ಎಂಬ ಓಟದ ದಾರಿಯ ಬದಿಯಲ್ಲಿ ನಿಂತು ಕೂಗುವುದನ್ನು ಎಲ್ಲರೂ ಕೇಳಿದ್ದೇವೆ. ಆ ಚೆನ್ನನ ತಾಯಿ ಯಾವ ಹಟ್ಟಿಯದು, ತಂದೆ ಯಾವುದು ಎಂಬುದಕ್ಕೆ ಮಾತ್ರ ಪಟ್ಟಿಯಲ್ಲಿ ಕಾಲಂ ಇಲ್ಲ.

ವಂಶದ ದಾಖಲೆ ಈಗ ಕಾನೂನಿನ ಪ್ರಶ್ನೆಯೂ ಹೌದು. 2014ರ ಮೇ 7ರಂದು ಜಲ್ಲಿಕಟ್ಟಿನ ಕುರಿತ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಪ್ರಾಣಿಗಳ ಓಟಗಳಿಗೆಲ್ಲ ಕುತ್ತು ಬಂತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತಿತು. 2017ರಲ್ಲಿ ರಾಜ್ಯ ಶಾಸನಸಭೆ ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿ ನಿಂತಿರುವ ಆಧಾರಗಳಲ್ಲಿ ಸಂಪ್ರದಾಯ ಒಂದು, ದೇಶೀ ತಳಿಯ ಉಳಿವು ಇನ್ನೊಂದು. ಮೊದಲನೆಯದಕ್ಕೆ ಸಾಕ್ಷ್ಯ ಧಾರಾಳವಾಗಿದೆ: ದೈವಸ್ಥಾನ, ಗುತ್ತು, ಪಾಡ್ದನ. ಎರಡನೆಯದಕ್ಕೆ ನಮ್ಮ ಕೈಯಲ್ಲಿ ಕಾಗದವಿಲ್ಲ. ನಾಳೆ ಯಾರಾದರೂ ‘ಯಾವ ತಳಿ ಉಳಿಯಿತು, ಎಷ್ಟು ಉಳಿಯಿತು’ ಎಂದು ಕೇಳಿದರೆ ಕೋಣದ ಮೈಬಣ್ಣ ತೋರಿಸಿದರೆ ಸಾಲದು.

ಓಟದ ಕುದುರೆಯವರು ಈ ಪಾಠವನ್ನು ಬಹಳ ಮೊದಲೇ ಕಲಿತರು. ಇಂಗ್ಲೆಂಡಿನಲ್ಲಿ ಜೇಮ್ಸ್ ವೆದರ್‌ಬಿ 1791ರಲ್ಲಿ ಥರೋಬ್ರೆಡ್ ಕುದುರೆಗಳ ವಂಶಾವಳಿ ಪುಸ್ತಕ ಶುರುಮಾಡಿದ. ಇಂದು ಲೋಕದ ಯಾವ ಮೂಲೆಯ ಥರೋಬ್ರೆಡ್ಡಿನ ಗಂಡು ಸಂತತಿಯ ಎಳೆ ಹಿಡಿದು ಹೋದರೂ ಅದು ಮೂರು ಗಂಡುಕುದುರೆಗಳಲ್ಲೊಂದಕ್ಕೆ ತಲುಪುತ್ತದೆ. ನಮ್ಮ ದೇಶದಲ್ಲಿ ಪುಣೆಯ ವಂಶಾವಳಿ ಪ್ರಾಧಿಕಾರ ಆ ಕೆಲಸ ಮಾಡುತ್ತದೆ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರಂನಲ್ಲಿ ಹುಟ್ಟಿದ ಮರಿಯಾದರೂ ಪುಸ್ತಕದಲ್ಲಿ ಹೆಸರು ಸೇರದಿದ್ದರೆ ಓಟಕ್ಕಿಲ್ಲ. ಅಲ್ಲಿಂದ ನಾವು ಎರವಲು ತರಬೇಕಾದ್ದು ಇದೊಂದೇ ಕಟ್ಟಳೆ: ಸ್ಪರ್ಧೆಯ ಹಕ್ಕಿಗೆ ದಾಖಲೆಯೇ ಬಾಗಿಲು. ಹೊರಗಿನ ರಕ್ತಕ್ಕೆ ಮುಚ್ಚಿದ ಪುಸ್ತಕವನ್ನೂ ಕುದುರೆಯವರಲ್ಲಿರುವ ಕೃತಕ ಗರ್ಭಧಾರಣೆಯ ನಿಷೇಧವನ್ನೂ ತರಕೂಡದು. ಎಮ್ಮೆಗಳ ಸಂಖ್ಯೆಯೇ ಕುಗ್ಗಿರುವ ಸೀಮೆಯಲ್ಲಿ ಪುಸ್ತಕ ಮುಚ್ಚಿದರೆ ಒಳಸಂತತಿಯ ದೋಷ ಕೆಲವೇ ತಲೆಮಾರಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನು ಅಸಲು ಕಷ್ಟಕ್ಕೆ ಬರೋಣ. ಕುದುರೆ ಒಂಟಿಯಾಗಿ ಓಡುತ್ತದೆ. ಕೋಣ ಜೋಡಿಯಾಗಿ ಓಡುತ್ತದೆ. ಗೆದ್ದಾಗ ಎಡಬದಿಯದು ಎಳೆಯಿತೇ, ಬಲಬದಿಯದು ಎಳೆಯಿತೇ, ಓಡಿಸಿದವನ ಕಾಲು ಗೆದ್ದಿತೇ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಕರೆಗಳ ಉದ್ದ ಒಂದೇ ಅಳತೆಯಲ್ಲಿಲ್ಲ, ಕೆಸರಿನ ಆಳ ಊರಿಂದೂರಿಗೆ ಬೇರೆ, ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೆ ನೀರಿನ ಮಟ್ಟ ಸಂಜೆಗೂ ನಸುಕಿಗೂ ಬದಲಾಗುತ್ತದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸಿದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ದೇಶವಿಡೀ ಅದನ್ನು 100 ಮೀಟರಿಗೆ 9.55 ಸೆಕೆಂಡು ಎಂದು ಭಾಗಿಸಿ ನೋಡಿತು. ಎಳೆದೊಯ್ದ ಕೋಣಗಳ ಪಾಲು ಆ ಲೆಕ್ಕದಲ್ಲಿ ಮಾಯವಾಯಿತು. ತಳಿಯ ಅಧ್ಯಯನಕ್ಕೆ ಸೆಕೆಂಡಿಗಿಂತ ಹೆಚ್ಚು ಉಪಯೋಗ ಆಗುವುದು ಅದೇ ಕರೆಯಲ್ಲಿ ಅದೇ ದಿನ ಯಾರು ಯಾರನ್ನು ಸೋಲಿಸಿದರು ಎಂಬ ವಿವರ. ಯಜಮಾನರು ಒಂದು ಋತುವಿನಲ್ಲಿ ಜೋಡಿ ಬದಲಿಸುವುದುಂಟು. ಕುಟ್ಟಿ ಒಮ್ಮೆ ಬೊಳ್ಳನ ಜೊತೆ, ಇನ್ನೊಮ್ಮೆ ತಾಟೆಯ ಜೊತೆ ಓಡಿ, ಬೊಳ್ಳ ತಾಟೆಗಳೂ ಒಮ್ಮೆ ಜೊತೆಯಾಗಿ ಓಡಿದರೆ ಮೂರರ ಸಾಮರ್ಥ್ಯವನ್ನೂ ಬೇರೆಬೇರೆಯಾಗಿ ಅಂದಾಜು ಮಾಡುವ ಸಂಖ್ಯಾಶಾಸ್ತ್ರದ ವಿಧಾನಗಳಿವೆ. ಅದಕ್ಕೆ ಬೇಕಾದದ್ದು ಪ್ರತಿ ಓಟದಲ್ಲೂ ಎರಡು ಕೋಣಗಳ ಗುರುತು, ಯಾವುದು ಯಾವ ಬದಿ, ಓಡಿಸಿದವರು ಯಾರು ಎಂಬ ಬರಹ. ನವೆಂಬರಿನಿಂದ ವಾರಕ್ಕೊಂದರಂತೆ ನಡೆಯುವ ಕಂಬಳಗಳಲ್ಲಿ ಈ ಮಾಹಿತಿ ಹುಟ್ಟುತ್ತದೆ, ಬರೆದಿಡದ ಕಾರಣ ಮರುದಿನವೇ ಹೋಗುತ್ತದೆ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಇನ್ನೊಂದು ತುದಿಯಲ್ಲಿ ಎಮ್ಮೆ ಇದೆ. ಕೋಣಕ್ಕೆ ಹುರುಳಿ ಬೇಯಿಸಿ ಕೊಡುತ್ತೇವೆ, ಮೈಗೆ ಎಣ್ಣೆ ಹಚ್ಚಿ ತಿಕ್ಕುತ್ತೇವೆ, ಈಜಲು ಕೆರೆ ಕಟ್ಟಿಸುತ್ತೇವೆ, ಹಟ್ಟಿಗೆ ಫ್ಯಾನು ಹಾಕುತ್ತೇವೆ. ಅದನ್ನು ಹೆತ್ತ ಎಮ್ಮೆಗೆ ಈ ಸೀಮೆಯಲ್ಲಿ ಹಟ್ಟಿಯೇ ಇಲ್ಲದಂತಾಗುತ್ತಿದೆ. ಗದ್ದೆಗಳು ಅಡಿಕೆ ತೋಟವಾದವು, ಗುಡ್ಡಗಳಿಗೆ ರಬ್ಬರ್ ಬಂತು, ಉಳುವುದಕ್ಕೆ ಟಿಲ್ಲರ್ ಬಂತು. ಸುಬ್ರಹ್ಮಣ್ಯದ ಕುಲ್ಕುಂದದಲ್ಲಿ ನಡೆಯುತ್ತಿದ್ದ ದನದ ಜಾತ್ರೆಗೆ ಘಟ್ಟದ ಮೇಲಿನ ಜಾನುವಾರು ಇಳಿದು ಬರುತ್ತಿದ್ದವು. ಆ ಜಾತ್ರೆಯೂ ನಿಂತಿತು. ಈಗ ಕರು ಬೇಕಾದವರು ಘಟ್ಟ ಹತ್ತಿ ಹೋಗಿ ತರುತ್ತಾರೆ. ಹಾಗೆ ತಂದ ಕರು ಚೆನ್ನಾಗಿ ಓಡಿದರೆ ಅದರ ತಾಯಿಯನ್ನು ಮತ್ತೆ ಹುಡುಕುವ ದಾರಿಯಿಲ್ಲ. ಎಮ್ಮೆಯ ಗರ್ಭ ಸುಮಾರು 310 ದಿನ, ಒಂದು ಸೂಲಿಗೆ ಒಂದೇ ಕರು. ಕರು ಹುಟ್ಟಿ ಕರೆಗೆ ಇಳಿದು ಹೆಸರು ಮಾಡುವಷ್ಟರಲ್ಲಿ ಹಲವು ವರ್ಷ ಕಳೆದು, ಗುರುತಿಲ್ಲದ ತಾಯಿ ಎಲ್ಲೋ ಮಾರಿಹೋಗಿರುತ್ತದೆ.

ಸಂಘ ನಡೆಸುವ ಬಗೆ ಹೇಗೆ? ದೊಡ್ಡ ಕಟ್ಟಡ ಬೇಡ. ಲಸಿಕೆ ಹಾಕುವಾಗ ಪಶುಸಂಗೋಪನಾ ಇಲಾಖೆ ಕಿವಿಗೆ ಹಾಕುವ ಓಲೆಯಲ್ಲಿ 12 ಅಂಕಿಯ ಸಂಖ್ಯೆ ಇದೆ; ಅದನ್ನೇ ಪುಸ್ತಕದ ಮೊದಲ ಕಾಲಂ ಮಾಡಿದರೆ ಹೊಸ ಗುರುತು ಹುಟ್ಟಿಸುವ ಖರ್ಚಿಲ್ಲ. ಪುಸ್ತಕ ಬರೆಯುವವರು ಕೋಣ ಕಟ್ಟಿದವರಾಗಿರಬಾರದು, ಈ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. ಯಾವ ಮನೆಯ ಕೋಣ ಯಾರಿಂದ ಬಂತು ಎಂಬುದು ಎಷ್ಟೋ ಯಜಮಾನರಿಗೆ ಗುಟ್ಟಿನ ವಿಷಯ. ಕೋಣ ಓಟದಿಂದ ನಿವೃತ್ತವಾಗುವವರೆಗೆ ತಾಯಿಯ ವಿವರವನ್ನು ಹೊರಗೆ ಬಿಡುವುದಿಲ್ಲ ಎಂಬ ಮಾತು ಕೊಟ್ಟರೆ ಅವರೂ ಬರೆಸಿಯಾರು. ತಕರಾರು ಬಂದರೆ ಬಾಲದ ಕೂದಲಿನ ಡಿಎನ್‌ಎ ಪರೀಕ್ಷೆ ಇದೆ. ಕಡಬದ ಕೊಯಿಲದಲ್ಲಿ ಸರಕಾರದ ಜಾನುವಾರು ಸಂವರ್ಧನಾ ಕೇಂದ್ರ ಇದೆ. ಹೆಸರಾದ ಕೋಣದ ತಾಯಿ, ಅಕ್ಕತಂಗಿ ಎಮ್ಮೆಗಳನ್ನು ಸಂಘ ಖರೀದಿಸಿ ಅಂಥಲ್ಲಿ ಸಾಕಿಸಿದರೆ ಅದೇ ತಳಿಯ ತಿಜೋರಿ. ಹಣದ ಮಾತು ಬಂದರೆ, ಕಂಬಳದಲ್ಲಿ ಪವನಿನ ಲೆಕ್ಕದಲ್ಲಿ ಚಿನ್ನ ಕೊಡುವ ಊರು ಇದು. ಗೆದ್ದ ಕೋಣದ ತಾಯಿ ಸಾಕಿದ ರೈತನಿಗೂ ಅದರಲ್ಲೊಂದು ಪಾಲು ಇಡಬೇಕು. ಎಮ್ಮೆ ಸಾಕುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ತೋಚುತ್ತಿಲ್ಲ.

2023ರ ನವೆಂಬರಿನಲ್ಲಿ ಪುತ್ತೂರಿನ ಶಾಸಕ ಅಶೋಕ್ ಕುಮಾರ್ ರೈಯವರ ಮುಂದಾಳ್ತನದಲ್ಲಿ ಕೋಣಗಳು ಬೆಂಗಳೂರಿನ ಅರಮನೆ ಮೈದಾನದವರೆಗೆ ಹೋಗಿ ಓಡಿ ಬಂದವು. ಅಷ್ಟು ದೂರದ ಏರ್ಪಾಟು ಮಾಡಿದ ಜನರಿಗೆ ಪುಸ್ತಕವೊಂದನ್ನು ಬರೆಯುವುದು ದೊಡ್ಡ ಕೆಲಸವಲ್ಲ. ಕಂಬಳ ಸಮಿತಿಯವರಲ್ಲಿ ನನ್ನ ಬಿನ್ನಹ ಇಷ್ಟೇ: ಬರುವ ಋತುವಿನ ಹೆಸರು ನೋಂದಣಿ ಚೀಟಿಯಲ್ಲಿ ಕೋಣದ ಓಲೆ ಸಂಖ್ಯೆ, ಹುಟ್ಟಿದ ಊರು, ತಾಯಿ ಎಂಬ ಮೂರು ಕಾಲಂ ಸೇರಿಸಿ. ಮೊದಲ ವರ್ಷ ತಾಯಿಯ ಕಾಲಂ ಖಾಲಿ ಉಳಿದರೂ ಆ ಚೀಟಿಗಳನ್ನು ಬಿಸಾಡದೆ ಕಟ್ಟಿಡಿ.