ಡಾನ್ಸ್ (ನೃತ್ಯ)
ಫ್ರಾನ್ಸಿನ ಕಲಾವಿದ ಆನ್ರಿ ಮತೀಸ್ (1869–1954) 1910ರಲ್ಲಿ ಮುಗಿಸಿದ ಬೃಹತ್ ತೈಲಚಿತ್ರ. ಅಳತೆ 260 × 391 ಸೆಂ.ಮೀ. ಮಾಸ್ಕೋದ ವರ್ತಕ, ಕಲಾಸಂಗ್ರಾಹಕ ಸೆರ್ಗೇಯ್ ಶುಕಿನ್ ತನ್ನ ಮನೆಯ ಮೆಟ್ಟಿಲಸಾಲಿಗೆಂದು ಬರೆಸಿದ್ದು.

ಚಿತ್ರದಲ್ಲಿರುವುದು ಹೆಚ್ಚುಕಡಿಮೆ ಮೂರೇ ಬಣ್ಣ: ನೀಲಿ ಆಕಾಶ, ಹಸಿರು ದಿಬ್ಬ, ಕೆಂಪು ಮೈಗಳು. ನೆರಳು ಬೆಳಕಿನ ಸಾಂಪ್ರದಾಯಿಕ ಮಾದರಿಯಾಗಲಿ, ದೂರ ಹತ್ತಿರಗಳ ಭ್ರಮೆಯಾಗಲಿ ಇಲ್ಲ. ಮೈಯ ಕೆಂಪು ಚರ್ಮದ ಬಣ್ಣವಲ್ಲ. ಪಕ್ಕದ ಹಸಿರು, ನೀಲಿಗಳೊಂದಿಗಿನ ತಿಕ್ಕಾಟದಿಂದಲೇ ಅದಕ್ಕೆ ಕಾವು. ಕೈ ಹಿಡಿದು ಸುತ್ತುವ ಐದು ನಗ್ನ ಆಕೃತಿಗಳಲ್ಲಿ ಅಂಗರಚನೆಯ ವಿವರಗಳನ್ನು ಕೆಲವೇ ಕಡುಗೆರೆಗಳಿಗೆ ಇಳಿಸಲಾಗಿದೆ. ಎಡಬದಿಯ ಎತ್ತರದ ಆಕೃತಿಯ ಬಿಲ್ಲಿನಂಥ ಬಾಗು ಇಡೀ ವೃತ್ತವನ್ನು ಎಳೆದೊಯ್ಯುತ್ತದೆ. ಮುಂಭಾಗದಲ್ಲಿ ಮಾತ್ರ ಎರಡು ಕೈಗಳು ಕೂಡಿಲ್ಲ. ಒಬ್ಬಾಕೆ ಮುಗ್ಗರಿಸುವಂತೆ ಕೈ ಚಾಚಿದ್ದಾಳೆ. ಆ ಬಿಡುವನ್ನು ಮುಚ್ಚಿದ್ದರೆ ಚಿತ್ರ ಬರೀ ಅಲಂಕಾರವಾಗಿಬಿಡುತ್ತಿತ್ತು.

ಇಂಥದೇ ನರ್ತಕರ ಬಳಗ ಮತೀಸನ 'ಬದುಕಿನ ಸಂತಸ' (1905–06) ಚಿತ್ರದ ಹಿನ್ನೆಲೆಯಲ್ಲಿ ಮೊದಲೇ ಇತ್ತು. 1909ರ ಪೂರ್ವರೂಪ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಅದರಲ್ಲಿ ಮೈಗಳು ತಿಳಿ ಗುಲಾಬಿ, ಕುಣಿತವೂ ಸೌಮ್ಯ.

'ಸಂಗೀತ' ಎಂಬ ಜೋಡಿಚಿತ್ರದೊಂದಿಗೆ 'ಡಾನ್ಸ್' 1910ರ ಪ್ಯಾರಿಸ್ ಶರತ್ಕಾಲದ ಸಲೋನ್‌ನಲ್ಲಿ ಪ್ರದರ್ಶಿತವಾದಾಗ ವಿಮರ್ಶಕರು ಹೀಗಳೆದರು. ಶುಕಿನ್ ಕೂಡ ಹಿಂಜರಿದ, ಕೊನೆಗೆ ಕೊಂಡ. ರಷ್ಯಾದ ಕ್ರಾಂತಿಯ ಬಳಿಕ ಆತನ ಸಂಗ್ರಹವನ್ನು 1918ರಲ್ಲಿ ರಾಷ್ಟ್ರೀಕರಿಸಲಾಯಿತು. ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ.