ಕೊರಳಿಗೆ ಬಾರದ ಸರ ಕೊರಳಿಗೇ ಬಂತು!

ಮನೆ ಬಾಗಿಲಿಗೆ ಬಂದು "ಅಕ್ಕಾ, ಒಡವೆ ಪಾಲಿಶ್ ಮಾಡಿಕೊಡ್ತೀವಿ" ಅನ್ನುವವರು ನಿಮ್ಮೂರಿಗೂ ಬಂದಿರಬಹುದು. ಸರ ಫಳಫಳ ಹೊಳೆಯುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಆಮೇಲೆ ಊರಿಗೆ ಊರೇ ಆ ಅಕ್ಕನಿಗೆ ಬುದ್ಧಿ ಹೇಳುತ್ತದೆ. ಆಕೆಯ ಸಮಾಧಾನಕ್ಕೆ ಈ ಕಥೆ. ಇಲ್ಲಿ ಟೋಪಿ ಹಾಕಿಸಿಕೊಂಡವನು ಫ್ರಾನ್ಸಿನ ಕಾರ್ಡಿನಲ್!

ಪ್ಯಾರಿಸ್ಸಿನ ಬೋಮರ್ ಮತ್ತು ಬಸ್ಸಾಂಜ್ ಎಂಬ ಆಭರಣ ವ್ಯಾಪಾರಿಗಳು ದೊರೆ ಹದಿನೈದನೇ ಲೂಯಿಯ ಪ್ರೇಯಸಿಗೆಂದು 647 ವಜ್ರಗಳ ಸರ ಮಾಡಿಸಿದರು. 1774ರಲ್ಲಿ ದೊರೆ ಸಿಡುಬಿಗೆ ತುತ್ತಾದ. ಗಿರಾಕಿ ಹೋದ, ಸಾಲ ಉಳಿಯಿತು. ಹೊಸ ರಾಣಿ ಮೇರಿ ಆಂಟೊನೆಟ್ ಸರ ಬೇಡವೆಂದಳು.

ಆಗ ಬಂದಳು ಜೀನ್ ದ ಲಾ ಮೋತ್. ರಾಣಿಯ ಕೃಪೆಗಾಗಿ ಹಂಬಲಿಸುತ್ತಿದ್ದ ಕಾರ್ಡಿನಲ್ ರೋಹನ್‌ಗೆ ತಾನು ರಾಣಿಯ ಆಪ್ತ ಗೆಳತಿ ಎಂದು ನಂಬಿಸಿದಳು. ನಕಲಿ ಪತ್ರಗಳು ಬಂದವು. 1784ರ ಆಗಸ್ಟಿನ ಒಂದು ರಾತ್ರಿ ವರ್ಸೇಲ್ಸ್ ತೋಟದ ಕತ್ತಲಲ್ಲಿ ನಕಲಿ ರಾಣಿಯೂ ಬಂದಳು! ಕಾರ್ಡಿನಲ್ ಕರಗಿ ನೀರಾದ. ರಾಣಿಯ ಪರವಾಗಿ 16 ಲಕ್ಷ ಲಿವ್ರ್ ಬೆಲೆಗೆ, ಕಂತಿನ ಲೆಕ್ಕದಲ್ಲಿ ವ್ಯಾಪಾರ ಕುದುರಿಸಿದ. 1785ರ ಫೆಬ್ರವರಿಯಲ್ಲಿ ಸರ ಅವನ ಕೈಗೆ ಬಂತು, ಅಲ್ಲಿಂದ ಜೀನ್ ಕಡೆಗೆ ಹೋಯಿತು. ಬಿಡಿಬಿಡಿಯಾದ ವಜ್ರಗಳು ಲಂಡನ್ ಸೇರಿದವು.

ಕಂತು ಬರಲಿಲ್ಲ, ಗುಟ್ಟು ರಟ್ಟಾಯಿತು. ಒಪ್ಪಂದದ ಮೇಲಿದ್ದ ಸಹಿ "ಫ್ರಾನ್ಸಿನ ಮೇರಿ ಆಂಟೊನೆಟ್". ರಾಣಿಯರು ಬರೀ ಹೆಸರಷ್ಟನ್ನೇ ಬರೆಯುತ್ತಾರೆಂಬುದು ಆಸ್ಥಾನದ ಒಡನಾಟವಿದ್ದ ಕಾರ್ಡಿನಲ್‌ಗೆ ಹೊಳೆಯಲೇ ಇಲ್ಲ. ಆಸೆ ಕಣ್ಣಿಗೆ ಕಟ್ಟಿದ ಪಟ್ಟಿ ಅದು.

1786ರ ಮೇ 31ರಂದು ತೀರ್ಪು ಬಂತು. ಕಾರ್ಡಿನಲ್ ಖುಲಾಸೆಯಾದ. ಜೀನ್‌ಗೆ ಚಡಿಯೇಟು, ಕಳ್ಳಿ ಎಂಬ ಬರೆ, ಜೊತೆಗೆ ಸೆರೆಮನೆ. ಆಕೆ ಮರುವರ್ಷವೇ ತಪ್ಪಿಸಿಕೊಂಡು ಲಂಡನ್ ಸೇರಿ ಆತ್ಮಕಥೆ ಬರೆದಳು!

ಸರ ಮುಟ್ಟದ ರಾಣಿಗೆ ಮಾತ್ರ ಅಪವಾದ ಅಂಟಿತು. ಬ್ರೆಡ್ಡಿಗೂ ಪರದಾಡುತ್ತಿದ್ದ ಜನ ಆಕೆಯ ದುಂದಿನ ಬಗ್ಗೆ ಮೊದಲೇ ರೊಚ್ಚಿಗೆದ್ದಿದ್ದರು. ಹಾಗಾಗಿ ಈ ಸುಳ್ಳನ್ನು ಸಲೀಸಾಗಿ ನಂಬಿದರು. 1789ರಲ್ಲಿ ಕ್ರಾಂತಿಯಾಯಿತು, 1793ರಲ್ಲಿ ಆಕೆಯ ಕೊರಳು ಗಿಲೊಟಿನ್‌ಗೆ ಹೋಯಿತು. ಅದಕ್ಕೆ ಕಾರಣ ಸರವೊಂದೇ ಅಲ್ಲ, ಆದರೆ ಆಕೆಯ ಮಾನ ಮೊದಲು ಹೋದದ್ದು ಆ ಸರದಿಂದ.

ವಂಚಕರು ಕದಿಯುವುದು ಒಡವೆಯನ್ನು. ಮಾನ ಕಳೆಯುವ ಕೆಲಸ ಉಳಿದವರದ್ದು. ಪಾಲಿಶ್ ಅಕ್ಕನನ್ನು ನೋಡಿ ನಗುವ ಮೊದಲು ಇದೊಂದು ನೆನಪಿರಲಿ.