ಸೇನೆಯ ಹಳೆ ಸಾಮಾನು ಬರೀ ಗುಜರಿಯೇ? ಬಿಚ್ಚುವ ಮುನ್ನ ಇದನ್ನು ಓದಿ

‘ಮಿಲಿಟರಿ ಜೀಪು ಅರ್ಧ ಬೆಲೆಗೆ’, ‘ಹಳೆ ಶೆಲ್ಲಿನ ಹಿತ್ತಾಳೆಗೆ ಭಾರೀ ರೇಟು’. ಇಂತಹ ಫಾರ್ವರ್ಡ್ ನಿಮಗೂ ಬಂದಿದೆಯೇ? ಹಂಚುವ ಮೊದಲು ನಿಜ ಏನೆಂದು ನೋಡೋಣ.

ಸೇನೆ ಹಳೆ ವಾಹನ ಮಾರುತ್ತದೆಯೇ?

ಮಾರುತ್ತದೆ, ಆದರೆ ವಾಟ್ಸಾಪ್‌ನಲ್ಲಿ ಅಲ್ಲ. ಸೇವೆಯಿಂದ ತೆಗೆದ ಸಾಮಾನು ಸಾಮಾನ್ಯವಾಗಿ ಕೇಂದ್ರ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯ ಇ-ಹರಾಜಿಗೆ ಬರುತ್ತದೆ. ನೋಂದಾಯಿಸಿಕೊಂಡವರು ಮಾತ್ರ ಅಲ್ಲಿ ಕೂಗಬಹುದು. ಯಾರದೋ ಮೊಬೈಲ್ ನಂಬರಿಗೆ ‘ಅಡ್ವಾನ್ಸ್’ ಕಳಿಸಿ ಎಂದರೆ ಅದು ಮೋಸ ಎಂದೇ ತಿಳಿಯಿರಿ.

ಬಿಚ್ಚುವ ಕ್ರಮ ಹೇಗೆ?

ಕೆಜಿಎಫ್‌ನಲ್ಲಿ ಬೆಮೆಲ್ ಕಾರ್ಖಾನೆ ಇರುವುದರಿಂದ ಭಾರೀ ವಾಹನ ಜೋಡಿಸುವ ಕೆಲಸ ಇಲ್ಲಿನವರಿಗೆ ಹೊಸದಲ್ಲ. ಬಿಚ್ಚುವುದಕ್ಕೂ ಅಷ್ಟೇ ಶಿಸ್ತು ಬೇಕು.

1. ಮದ್ದುಗುಂಡು, ಸ್ಫೋಟಕ ಏನೂ ಉಳಿದಿಲ್ಲ ಎಂದು ತರಬೇತಿ ಪಡೆದವರೇ ಪರೀಕ್ಷಿಸಬೇಕು.
2. ಡೀಸೆಲ್, ಆಯಿಲ್, ಹೈಡ್ರಾಲಿಕ್ ದ್ರವವನ್ನು ಬಸಿದು ತೆಗೆಯಬೇಕು. ಇಲ್ಲದಿದ್ದರೆ ಗ್ಯಾಸ್ ಕಟ್ಟರ್‌ನ ಒಂದು ಕಿಡಿ ಸಾಕು.
3. ಸ್ಪ್ರಿಂಗ್, ಒತ್ತಡ ತುಂಬಿದ ಸಿಲಿಂಡರ್‌ಗಳ ಬಿಗಿ ಇಳಿಸಬೇಕು.
4. ಬ್ಯಾಟರಿಯ ಸೀಸ, ಹಳೆ ಬ್ರೇಕ್ ಲೈನಿಂಗ್‌ನ ಕಲ್ನಾರು, ಕತ್ತಲಲ್ಲಿ ಹೊಳೆಯುವ ಹಳೆ ಮೀಟರ್‌ಗಳ ರೇಡಿಯಂ ಇವನ್ನೆಲ್ಲ ಬೇರೆ ಇಡಬೇಕು.
5. ಕೊನೆಗೆ ಕತ್ತರಿಸಿ ಉಕ್ಕು, ತಾಮ್ರ, ಅಲ್ಯೂಮಿನಿಯಂ ವಿಂಗಡಿಸಬೇಕು.

ಹೀಗೆ ಮಾಡಿದರೆ ಲೋಹ ವ್ಯರ್ಥವಾಗುವುದಿಲ್ಲ. 1997ರಲ್ಲಿ ನಿವೃತ್ತವಾದ ಐಎನ್‌ಎಸ್ ವಿಕ್ರಾಂತ್ ಹಡಗನ್ನು ಮುಂಬೈಯಲ್ಲಿ ಒಡೆದ ಮೇಲೆ ಅದರ ಲೋಹ 2016ರಲ್ಲಿ ಬಜಾಜ್ ‘ವಿ’ ಬೈಕಿಗೆ ಬಳಕೆಯಾಯಿತು. ಒಡೆಯದೆ ಉಳಿಸಿಕೊಳ್ಳುವುದೂ ಉಂಟು: ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿದೆ.

ತುಕ್ಕು ಹಿಡಿದ ಶೆಲ್ ಸಿಡಿಯುವುದಿಲ್ಲವೇ?

ಇದು ಜೀವ ತೆಗೆಯುವ ತಪ್ಪು ನಂಬಿಕೆ. ಶೆಲ್ ಹಾರುವಾಗಲೇ ಅದರ ಫ್ಯೂಸ್‌ನ ಸುರಕ್ಷತಾ ತಡೆ ಬಿಟ್ಟುಕೊಳ್ಳುತ್ತದೆ. ಸಿಡಿಯದೆ ನೆಲಕ್ಕೆ ಬಿದ್ದರೂ ಆ ತಡೆ ಮತ್ತೆ ಕೂರುವುದಿಲ್ಲ. ಹೊರಗೆ ತುಕ್ಕು ಹಿಡಿದರೂ ಒಳಗಿನ ಮದ್ದು ಹತ್ತಾರು ವರ್ಷ ಹಾಗೇ ಇರಬಹುದು. ಸುತ್ತಿಗೆ ಏಟು ಅಥವಾ ಬೆಂಕಿ ತಗುಲಿದರೆ ಸಿಡಿಯಬಹುದು.

2004ರ ಸೆಪ್ಟೆಂಬರ್ 30ರಂದು ಗಾಜಿಯಾಬಾದ್ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಆಮದು ಗುಜರಿಯೊಳಗಿದ್ದ ಶೆಲ್ ಸಿಡಿದು 10 ಕಾರ್ಮಿಕರು ಸತ್ತರು. ಆ ಬಳಿಕ ಗುಜರಿ ಆಮದಿನ ತಪಾಸಣೆ ಬಿಗಿಯಾಯಿತು. ಸಿಡಿಯದ ಮದ್ದಿರುವ ತೂತಿಗೆ ಮತ್ತೆ ಡ್ರಿಲ್ ಹಾಕಬಾರದು ಎಂಬುದು ಗಣಿ ಕೆಲಸದ ಮೊದಲ ಪಾಠ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

ಸಿಕ್ಕರೆ ಏನು ಮಾಡಬೇಕು?

• ಮುಟ್ಟಬೇಡಿ, ಎತ್ತಬೇಡಿ, ನೀರಿಗೆ ಹಾಕಬೇಡಿ.
• ಹತ್ತಿರ ನಿಂತು ಫೋಟೊ ತೆಗೆಯಬೇಡಿ.
• ಮಕ್ಕಳನ್ನು, ದನಕರುಗಳನ್ನು ದೂರ ಕಳಿಸಿ, ಜಾಗ ಗುರುತಿಟ್ಟುಕೊಳ್ಳಿ.
• ದೂರ ಹೋಗಿ 112ಕ್ಕೆ ಕರೆ ಮಾಡಿ. ಪೊಲೀಸರು ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುತ್ತಾರೆ.

ಕೆಜಿಎಫ್, ಬಂಗಾರಪೇಟೆಯ ಗುಜರಿ ಅಂಗಡಿಯವರೇ, ಎರಡೂ ತುದಿ ಮುಚ್ಚಿದ, ಏನೆಂದು ತಿಳಿಯದ ಲೋಹದ ಕೊಳವೆ ತೂಕಕ್ಕೆ ಬಂದರೆ ತೆಗೆದುಕೊಳ್ಳಬೇಡಿ. ಕಿಲೋ ಹಿತ್ತಾಳೆಯ ಆಸೆಗೆ ಕಟ್ಟರ್ ಹಿಡಿಯುವ ಹುಡುಗನ ಜೀವ ಹೋಗಬಾರದು. ಫಾರ್ವರ್ಡ್ ಮಾಡಲೇಬೇಕೆಂದರೆ ಈ ಮಾತನ್ನು ಮಾಡಿ.